ಪದಸೂಚಿ ಇಲ್ಲದ ಸಂಶೋಧನ ಗ್ರಂಥಗಳು

ನವೆಂಬರ್ ಬಂತೆಂದರೆ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳದೇ, ಅಂದರೆ ಪ್ರಕಟಣ ವಿಭಾಗಗಳದೇ ಸುದ್ದಿ. ಹೊಸ ಪುಸ್ತಕ, ಬಿಡುಗಡೆ, ರಿಯಾಯಿತಿ ಮಾರಾಟ. ಸಂತೋಷವೇ. ಮೈಸೂರು, ಧಾರವಾಡ, ಹಂಪಿಯ ಪ್ರಸಾರಾಂಗಗಳು ಇಲ್ಲದಿದ್ದರೆ ಶಾಸನ, ಹಸ್ತಪ್ರತಿ, ಜಾನಪದದ ಎಷ್ಟೋ ಕೆಲಸ ಅಚ್ಚನ್ನೇ ಕಾಣುತ್ತಿರಲಿಲ್ಲ. ಆದರೆ ಹೊಸ ಸಂಶೋಧನ ಗ್ರಂಥ ಕೈಗೆ ಬಂದಾಗ ಒಮ್ಮೆ ಹಿಂದಿನಿಂದ ತೆರೆದು ನೋಡಿ. ಪರಾಮರ್ಶನ ಗ್ರಂಥಗಳ ಪಟ್ಟಿ, ಆಮೇಲೆ ರಟ್ಟು. ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವ ಪದಸೂಚಿ ಇರುವುದು ಅಪರೂಪ. 400 ಪುಟದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಲು 400 ಪುಟವನ್ನೂ ತಿರುವಬೇಕು.

‘ಪಿಡಿಎಫ್ ಇದೆಯಲ್ಲ, ಹುಡುಕಿದರಾಯಿತು’ ಎನ್ನುತ್ತಾರೆ. ಆಗುವುದಿಲ್ಲ. ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಪುಟ ಕಟ್ಟಿದ್ದರೆ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಈಗ ಎಲ್ಲೆಡೆ ಬಳಸುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ತಿರುಗಿಸಿದಾಗ ಮೊದಲು ಕೆಡುವುದು ಅರ್ಕಾವತ್ತು, ಅಂದರೆ ‘ರ್’ ಸೂಚಿಸುವ ಚಿಹ್ನೆ. ಹಳೆ ಫಾಂಟು ಅದನ್ನು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ನಂತರ ಇಡುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅಲ್ಲಿ ಎಡವಿದರೆ ಕರ್ನಾಟಕ ‘ಕನಾರ್ಟಕ’ ಆಗುತ್ತದೆ, ಧರ್ಮ ‘ಧಮರ್’ ಆಗುತ್ತದೆ. ಇಂಥ ಕಡತದಲ್ಲಿ ಕರ್ನಾಟಕವನ್ನು ಹುಡುಕುವುದು ಹೇಗೆ?

ಕಡತ ಶುದ್ಧವಾಗಿದ್ದರೂ ಕನ್ನಡದ ಸಂಧಿ, ವಿಭಕ್ತಿ ಬಿಡುವುದಿಲ್ಲ. ‘ಕನ್ನಡ’ ಎಂದು ಹುಡುಕಿದರೆ ‘ಹಳಗನ್ನಡ’ ಸಿಗದು. ‘ಅರಸು’ ಎಂದರೆ ‘ಅರಸರ’ ಸಿಗದು. ಲೇಖಕರು ಒಂದು ಅಧ್ಯಾಯದಲ್ಲಿ ಮಾನ್ಯಖೇಟ, ಇನ್ನೊಂದರಲ್ಲಿ ಮಳಖೇಡ ಎಂದು ಬರೆದಿದ್ದರೆ ಎರಡೂ ಒಂದೇ ಊರು ಎಂದು ಕಂಪ್ಯೂಟರಿಗೆ ಹೇಳುವವರು ಯಾರು? ‘ಮಳಖೇಡ: ನೋಡಿ ಮಾನ್ಯಖೇಟ’ ಎಂಬ ಒಂದು ಸಾಲು ಮಾಡುವ ಕೆಲಸ ಅದು.

ಸೂಚಿ ಮಾಡಬೇಕಾದವರು ಲೇಖಕರೇ. ಡಿಟಿಪಿಯವರಲ್ಲ, ಪ್ರಸಾರಾಂಗದ ಗುಮಾಸ್ತರೂ ಅಲ್ಲ. ಯಾವಾಗ ಮಾಡಬೇಕು ಎನ್ನುವುದರಲ್ಲೇ ಹೆಚ್ಚಿನವರು ತಪ್ಪುವುದು. ಕೊನೆಯ ಕರಡು ತಿದ್ದಿ, ಪುಟಸಂಖ್ಯೆ ಇನ್ನು ಕದಲುವುದಿಲ್ಲ ಎಂದಾದ ಮೇಲೆ ಮಾತ್ರ. ಅದಕ್ಕೆ ಮೊದಲೇ ಮಾಡಿಟ್ಟರೆ, ಆಮೇಲೆ ಯಾರೋ ಒಂದು ನಕ್ಷೆ ಸೇರಿಸಿ ಅರ್ಧ ಪುಟ ಮುಂದೆ ಹೋದರೂ ಅಲ್ಲಿಂದಾಚೆಗಿನ ಸಂಖ್ಯೆಗಳನ್ನು ನಂಬುವಂತಿಲ್ಲ.

ಪೆನ್ಸಿಲ್ ಹಿಡಿದು ಓದುತ್ತಾ ಪುಟಕ್ಕೆ ಎರಡು ಮೂರು ಪದಕ್ಕೆ ಗುರುತು ಹಾಕಿ. ಎಕ್ಸೆಲ್‌ನಲ್ಲಿ ಎರಡೇ ಕಾಲಂ ಸಾಕು: ವಿಭಕ್ತಿ ಕಳಚಿದ ಪದ, ಪುಟಸಂಖ್ಯೆ. ಒಂದೊಂದು ಪುಟಕ್ಕೂ ಬೇರೆ ಸಾಲು. ಎಲ್ಲ ಮುಗಿದ ಮೇಲೆ ಅಕಾರಾದಿಗೆ ಹೊಂದಿಸಿ, ಒಂದೇ ಪದದ ಸಾಲುಗಳನ್ನು ಕೂಡಿಸಿ. ಒಂದು ಪದದ ಮುಂದೆ ಏಳೆಂಟಕ್ಕಿಂತ ಹೆಚ್ಚು ಪುಟಸಂಖ್ಯೆ ಸಾಲುಗಟ್ಟಿದರೆ ಅದು ಓದುಗರಿಗೆ ನಿರುಪಯೋಗಿ, ಒಡೆಯಿರಿ. ‘ದಾನ’ದ ಕೆಳಗೆ ಕೆರೆಗೆ, ಬಸದಿಗೆ, ಅಗ್ರಹಾರಕ್ಕೆ ಎಂದು ಉಪಪದ ಕೊಡಿ. ಇಮ್ಮಡಿ ಪುಲಕೇಶಿಯನ್ನು ‘ಪು’ದಲ್ಲಿ ಇಡಿ, ‘ಪುಲಕೇಶಿ, ಇಮ್ಮಡಿ’ ಎಂದು. ಎಂ. ಎಂ. ಕಲಬುರ್ಗಿಯವರನ್ನು ‘ಎ’ದಲ್ಲಿ ಯಾರೂ ಹುಡುಕುವುದಿಲ್ಲ.

ಹಳಗನ್ನಡದ ಪದಗಳಿದ್ದರೆ ‘ೞ’ದ ಮೇಲೆ ಕಣ್ಣಿರಲಿ. ಅದು ‘ಳ’ದ ಪಕ್ಕ ಇರಬೇಕಾದ ಅಕ್ಷರ, ಯೂನಿಕೋಡ್‌ನಲ್ಲಿ ‘ಹ’ ಮತ್ತು ಸ್ವರಚಿಹ್ನೆಗಳೆಲ್ಲ ಮುಗಿದ ಮೇಲೆ ಕುಳಿತಿದೆ. ಬರೀ ಸಂಕೇತದ ಕ್ರಮದಲ್ಲಿ ಹೊಂದಿಸುವ ತಂತ್ರಾಂಶ ‘ಬೞಿ’ಯನ್ನು ಒಯ್ದು ‘ಬೌದ್ಧ’ದ ಆಚೆ ಇಡುತ್ತದೆ. (ಅಲ್ಲಿ ಅದಕ್ಕೆ ‘ಫ’ ಅಕ್ಷರ ಎಂಬ ಅರ್ಥದ ತಪ್ಪು ಹೆಸರೂ ಅಂಟಿಕೊಂಡಿದೆ. ಒಮ್ಮೆ ಇಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲವಾದ್ದರಿಂದ ಹಾಗೇ ಉಳಿಯಿತು!)

‘ಪುಟ ಹೆಚ್ಚಾಗುತ್ತದೆ, ಬೆಲೆ ಏರುತ್ತದೆ’ ಎಂಬ ಆಕ್ಷೇಪ ಅರ್ಧ ನಿಜ. ಡೆಮಿ 1/8 ಆಕಾರದ ಪುಸ್ತಕದಲ್ಲಿ ಫಾರಂಗೆ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಒಂದು ಕಂತೆಗೆ, 16 ಪುಟ. ಪುಸ್ತಕ 390 ಪುಟಕ್ಕೆ ನಿಂತರೆ 24 ಫಾರಂ ತುಂಬಿ 6 ಪುಟ ಉಳಿಯುತ್ತದೆ. ಆ ಕೊನೆಯ ಫಾರಂ ಪೂರ್ತಿ ಹಾಕಿದರೆ 10 ಪುಟ ಕೈಯಲ್ಲಿ. ಎರಡು ಕಾಲಂ, ಕಾಲಂಗೆ 40 ಸಾಲು ಎಂದರೂ 800 ಸಾಲು ಹಿಡಿಯುತ್ತದೆ. ಬಿಳಿ ಹಾಳೆ ಬಿಡುವ ಬದಲು ಅದನ್ನು ಬಳಸಿ. ನನ್ನನ್ನು ಕೇಳಿದರೆ ಪ್ರಕಟಣ ಸಮಿತಿ ಮುನ್ನುಡಿಗೆ ಮೀಸಲಿಡುವ ಪುಟವನ್ನೇ ಕಡಿಮೆ ಮಾಡಬಹುದು.

ಶಾಸನಗಳ ಸೂಚಿ ಮಾತ್ರ ಬೇರೆಯೇ ಇರಲಿ, ಉಲ್ಲೇಖದಲ್ಲಿ ಆವೃತ್ತಿಯೂ ಇರಲಿ. ‘ಎ.ಕ. 5’ (ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯ ಕರ್ನಾಟಿಕ’ದ 5) ಎಂದಷ್ಟೇ ಬರೆದರೆ ಯಾವ 5? ಬಿ. ಎಲ್. ರೈಸ್ ಅವರ ಮೊದಲ ಆವೃತ್ತಿಯ 5ನೆಯ ಸಂಪುಟ ಹಾಸನ ಜಿಲ್ಲೆಯದು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯ 5 ಮೈಸೂರು ಜಿಲ್ಲೆಯದು. ಈ ಪರಿಷ್ಕೃತ ಆವೃತ್ತಿಯಲ್ಲಿ ಹಾಸನ ಜಿಲ್ಲೆಯ ಬೇಲೂರಿನ ಶಾಸನಗಳು ಬರುವುದು 9ನೆಯ ಸಂಪುಟದಲ್ಲಿ.