ಸ್ಟೆಪ್ನಿಯೂ ನಾನೂ

ಎರಡೇ ಆಸನಗಳಿರುವ ಗೆಳೆಯನ ಸ್ಪೋರ್ಟ್ಸ್ ಕಾರಿನಲ್ಲಿ ಮೂರು ದಿನಗಳ ಪ್ರಯಾಣಕ್ಕೆ ಹೊರಟ ಬೆಳಿಗ್ಗೆ, ಚೀಲ ಇಡಲೆಂದು ಡಿಕ್ಕಿ ತೆರೆದವನು ಹಳೆಯ ಅಭ್ಯಾಸದಂತೆ ಅದರ ತಳದ ಹಾಸನ್ನೂ ಎತ್ತಿ ನೋಡಿದೆ. ಚಕ್ರವಿರಬೇಕಾದ ಗುಂಡಿಯಲ್ಲಿ ಬ್ಯಾಟರಿಯೊಂದು ಮನೆ ಮಾಡಿಕೊಂಡಿತ್ತು. ಅದರ ಪಕ್ಕದಲ್ಲಿ ಶಾಂಪೂ ಬಾಟಲಿಯಂತಹ ಒಂದು ಡಬ್ಬಿ ಮತ್ತು ಇಟ್ಟಿಗೆಯಷ್ಟು ಗಾತ್ರದ ಒಂದು ಕಂಪ್ರೆಸರ್ ಇದ್ದವು. “ಸ್ಟೆಪ್ನಿ ಎಲ್ಲಿ ಮಾರಾಯ?” ಎಂದು ಕೇಳಿದೆ. “ಈ ಕಾರಿನಲ್ಲಿ ಇನ್ನೊಂದು ಚಕ್ರ ಹಿಡಿಸುವ ಜಾಗ ಇರುವುದು ಒಂದೇ. ಅಲ್ಲಿ ನೀನು ಕೂರುತ್ತೀಯಲ್ಲ” ಎಂದ. ತಮಾಷೆಯೆಂದುಕೊಂಡು ನಕ್ಕೆ.

ಸ್ಟೆಪ್ನಿ ಎಂಬ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಅದೊಂದು ಬೀದಿಯ ಹೆಸರೆಂಬುದು ಯಾರಿಗೂ ಹೊಳೆಯುವುದಿಲ್ಲ. ವೇಲ್ಸ್‌ನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಡೇವಿಸ್ ಸಹೋದರರು 1904ರಲ್ಲಿ ತಯಾರಿಸಿದ ಹೆಚ್ಚುವರಿ ಚಕ್ರಕ್ಕೆ ಆ ಬೀದಿಯ ಹೆಸರೇ ಅಂಟಿಕೊಂಡಿತು. ಕಡ್ಡಿಗಳಿಲ್ಲದ ಬರಿಯ ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿಟ್ಟುಕೊಂಡು, ಪಂಕ್ಚರಾದ ಚಕ್ರವನ್ನು ಬಿಚ್ಚದೆಯೇ ಅದರ ಮಗ್ಗುಲಿಗೆ ಕೊಕ್ಕೆಗಳಿಂದ ಬಿಗಿದುಬಿಡುವುದು ಅವರ ಉಪಾಯ. ಅದಕ್ಕೂ ಮೊದಲು ಟೈರು ಗಾಳಿ ಬಿಟ್ಟರೆ ರಸ್ತೆಯ ಬದಿಯಲ್ಲೇ ಅದನ್ನು ರಿಮ್ಮಿನಿಂದ ಕಿತ್ತು, ಟ್ಯೂಬಿಗೆ ತೇಪೆ ಹಾಕಿ, ಬೆವರು ಸುರಿಯುವವರೆಗೆ ಪಂಪು ಒತ್ತಬೇಕಿತ್ತು. 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಸ್ಪರ್ಧೆಯಲ್ಲಿ ಗಾಳಿ ತುಂಬಿದ ಟೈರುಗಳ ಮೇಲೆ ಕಾರು ಓಡಿಸಿದ ಮಿಶೆಲಿನ್ ಸಹೋದರರಿಗೆ ದಾರಿಯುದ್ದಕ್ಕೂ ಇದೇ ಕೆಲಸವಾಗಿತ್ತು. ಗೆಳೆಯನ ಈ ಕಾಲದ ಕಾರು ಪಂಕ್ಚರಿನ ಮಟ್ಟಿಗೆ ಆ ಸ್ಟೆಪ್ನಿಪೂರ್ವ ಯುಗಕ್ಕೆ ಹಿಂದಿರುಗಿತ್ತು.

ಇದಕ್ಕೆ ತೂಕದ ಉಳಿತಾಯವೊಂದೇ ಕಾರಣವೆನ್ನುವಂತಿಲ್ಲ. ಇಂತಹ ಅನೇಕ ಕಾರುಗಳಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಅಗಲವಾಗಿರುತ್ತವೆ. ಮುಂದಿನ ಟೈರಿನ ಮೇಲೆ 245/35 ಎಂದೂ ಹಿಂದಿನದರ ಮೇಲೆ 305/30 ಎಂದೂ ಬರೆದಿದ್ದರೆ ಸ್ಟೆಪ್ನಿಯನ್ನು ಯಾವುದರ ಅಳತೆಗೆ ಇಡುವುದು? ಜೊತೆಗೆ ಕೆಲವು ಟೈರುಗಳ ಗೆರೆಗಳು ಒಂದೇ ದಿಕ್ಕಿಗೆ ಉರುಳುವಂತೆ ಕೊರೆದವಾಗಿರುವುದರಿಂದ ಎಡದ್ದು ಬಲಕ್ಕೆ ಹೊಂದುವುದಿಲ್ಲ. ಶಾಸ್ತ್ರೋಕ್ತವಾಗಿ ನಡೆದುಕೊಳ್ಳುವುದಾದರೆ ನಾಲ್ಕು ಚಕ್ರಗಳಿಗೆ ನಾಲ್ಕು ಸ್ಟೆಪ್ನಿ ಬೇಕು. ಅಷ್ಟನ್ನೂ ಹೊತ್ತು ತಿರುಗುವ ವಾಹನವನ್ನು ಲಾರಿ ಎನ್ನುತ್ತಾರೆ. ಪೋರ್ಷೆ 911ರ ಹಲವು ಹಳೆಯ ಮಾದರಿಗಳಲ್ಲಿ ಗಾಳಿಯಿಲ್ಲದೆ ಮುದುಡಿಕೊಂಡು ಕೂರುವ, ಬೇಕಾದಾಗ ಕಂಪ್ರೆಸರಿನಿಂದ ಉಬ್ಬಿಸಿಕೊಳ್ಳುವ ಸ್ಟೆಪ್ನಿ ಇರುತ್ತಿತ್ತು. 1997ರ ಕಾರ್ವೆಟ್, ಗಾಳಿ ಹೋದ ಮೇಲೂ ತನ್ನ ಗಟ್ಟಿ ಪಕ್ಕೆಗಳ ಮೇಲೆಯೇ ಓಡಬಲ್ಲ ರನ್‌ಫ್ಲಾಟ್ ಟೈರುಗಳನ್ನು ಹಾಕಿಕೊಂಡು ಸ್ಟೆಪ್ನಿಯ ಹಂಗನ್ನೇ ಹರಿದುಕೊಂಡಿತು. ಸಾಮಾನ್ಯವಾಗಿ ಅಂತಹ ಟೈರು ಗಾಳಿಯಿಲ್ಲದೆ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಸಾಗಿಸುತ್ತದೆ. ಅಷ್ಟರೊಳಗೆ ಒಂದು ಊರು ಸಿಗಬೇಕು, ಆ ಊರಿನಲ್ಲಿ 305/30 ಸಿಗಬೇಕು. ಮೊದಲನೆಯದು ಸಿಕ್ಕೀತು.

ಟೈರಿನ ಮೇಲಿನ ಎರಡನೆಯ ಅಂಕಿ ಪಕ್ಕೆಯ ಎತ್ತರವನ್ನು ಅಗಲದ ಶೇಕಡಾವಾರಿನಲ್ಲಿ ಹೇಳುತ್ತದೆ. 305 ಮಿಲಿಮೀಟರಿಗೆ 30 ಎಂದರೆ ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ಅಷ್ಟು ದಪ್ಪನೆಯ ಟೈರಿನ ಪಕ್ಕೆ, ಬಡಪಾಯಿ 175/65 ಟೈರಿನದಕ್ಕಿಂತ ಎರಡು ಸೆಂಟಿಮೀಟರ್ ಗಿಡ್ಡ. ರಸ್ತೆಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅದು ಜಜ್ಜಿಹೋದರೆ ಡಬ್ಬಿಯ ಅಂಟಾಗಲಿ ಮತ್ತೊಂದಾಗಲಿ ಉಪಯೋಗಕ್ಕೆ ಬರುವುದಿಲ್ಲ. ಇನ್ನೂ ಒಂದು ತೊಂದರೆಯಿದೆ: ಇಷ್ಟು ಗಿಡ್ಡ ಪಕ್ಕೆಯ ಟೈರು ಗಾಳಿ ಕಡಿಮೆಯಾದರೂ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಕಾಲಿನಿಂದ ಒದ್ದು ಪರೀಕ್ಷಿಸುವ ನಮ್ಮ ಪುರಾತನ ವಿಧಾನ ಇಲ್ಲಿ ನಡೆಯುವುದಿಲ್ಲವಾದ್ದರಿಂದ, ಗಾಳಿ ಅಳೆಯುವ ಗೇಜೊಂದನ್ನು ಇಟ್ಟುಕೊಂಡು ಹೊರಡುವ ಮುನ್ನ ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಡಬ್ಬಿಯಲ್ಲಿದ್ದದ್ದು ಸೀಲಂಟ್, ಹಾಲಿನಂತಹ ಒಂದು ದ್ರವ. ಅದನ್ನು ವಾಲ್ವಿನ ಮೂಲಕ ಟೈರಿನೊಳಕ್ಕೆ ಬಿಟ್ಟು, ಗಾಳಿ ತುಂಬಿ, ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿದರೆ ಅದು ಒಳಗೆಲ್ಲ ಹರಡಿ ತೂತನ್ನು ಹುಡುಕಿಕೊಂಡು ಹೋಗಿ ಮುಚ್ಚುತ್ತದೆ. ನೆಲ ಮುಟ್ಟುವ ಭಾಗದಲ್ಲಿ, ಐದಾರು ಮಿಲಿಮೀಟರಿಗಿಂತ ದೊಡ್ಡದಲ್ಲದ ತೂತಾಗಿದ್ದರೆ ಮಾತ್ರ ಈ ಮಾತು. ಮೊಳೆ ಒಳಗೇ ಇದ್ದರೆ ಅದನ್ನು ಕೀಳಬಾರದು. ಈ ಡಬ್ಬಿಗೆ ಔಷಧಿಯಂತೆ ಅವಧಿಯೂ ಉಂಟು. ಗೆಳೆಯನ ಡಬ್ಬಿಯನ್ನು ತಿರುಗಿಸಿ ನೋಡಿದೆ. ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಒಳಗೆ ಇನ್ನೂ ಕುಲುಕುತ್ತಿದೆ” ಎಂದ.

ನನಗೆ ಭರವಸೆ ಇರುವುದು ತೂತಿಗೆ ಹೊರಗಿನಿಂದಲೇ ತುರುಕುವ ಪ್ಲಗ್ಗಿನ ಮೇಲೆ. ಗೋಂದು ಮೆತ್ತಿದ ಕಂದು ಬಣ್ಣದ ಬತ್ತಿಗಳು, ಒಂದು ಒರಟು ಅರದ ಕಡ್ಡಿ, ದಬ್ಬಣದಂತಹ ಒಂದು ಸೂಜಿ, ಒಂದು ಇಕ್ಕಳ. ಎಲ್ಲವೂ ಸೇರಿ ಕನ್ನಡಕದ ಪೆಟ್ಟಿಗೆಯಲ್ಲಿ ಅಡಗುತ್ತವೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡವೆಂದು ನಾವಿಬ್ಬರೂ ಹಿಂದಿನ ವಾರ ಹಳೆಯ ಟೈರೊಂದಕ್ಕೆ ಬೇಕೆಂದೇ ಮೊಳೆ ಹೊಡೆದು ಪಾಠ ಕಲಿತಿದ್ದೆವು. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ಎಂದು ನೋಡಿಕೊಂಡು ಕೀಳಬೇಕು; ಅದೇ ಓರೆಯಲ್ಲಿ ಅರದ ಕಡ್ಡಿಯನ್ನು ಚುಚ್ಚಿ ತಿರುವಬೇಕು. ಟೈರಿನೊಳಗಿನ ಉಕ್ಕಿನ ತಂತಿಗಳು ಆ ಕಡ್ಡಿಯನ್ನು ಕಚ್ಚಿ ಹಿಡಿದಾಗ, ರಿಪೇರಿ ಮಾಡುತ್ತಿದ್ದೇವೆಯೋ ಹಾಳು ಮಾಡುತ್ತಿದ್ದೇವೆಯೋ ಎಂಬ ಅನುಮಾನ ಹುಟ್ಟುತ್ತದೆ. ಬತ್ತಿಯನ್ನು ಸೂಜಿಗೆ ಪೋಣಿಸಿ, ಎರಡೂ ತುದಿಗಳು ಒಂದಿಷ್ಟು ಹೊರಗುಳಿಯುವವರೆಗೆ ಒತ್ತಿ, ಸೂಜಿಯನ್ನು ಒಂದೇ ಏಟಿಗೆ ಹಿಂದಕ್ಕೆಳೆದರೆ ಬತ್ತಿ ಒಳಗುಳಿಯುತ್ತದೆ. ಗೆಳೆಯ ಎಳೆದ ರಭಸಕ್ಕೆ ಬತ್ತಿ ಒಳಗುಳಿಯಿತು, ಅವನು ಮಾತ್ರ ಅಂಗಾತ ಬಿದ್ದ. ಗಾಳಿ ತುಂಬಿ, ಬೆರಳಿಗೆ ಉಗುಳು ಹಚ್ಚಿಕೊಂಡು ತೂತಿನ ಮೇಲೆ ಸವರಿದೆ, ಗುಳ್ಳೆ ಏಳಲಿಲ್ಲ. ಆ ಕ್ಷಣದ ಹೆಮ್ಮೆ ಕಾರಿನ ವೇಗದಿಂದ ನನಗೆ ಎಂದೂ ಸಿಕ್ಕಿರಲಿಲ್ಲ. ಇಷ್ಟಾದರೂ ಪ್ಲಗ್ ತಾತ್ಕಾಲಿಕವೇ. ಟೈರು ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿಸುವವರೆಗೆ ಆ ಕಾರು ತನ್ನ ಕುಲಗೋತ್ರವನ್ನು ಮರೆತು ಸ್ಕೂಟರಿನಂತೆ ನಡೆದುಕೊಳ್ಳಬೇಕು.

ಜಾಕಿನ ಕತೆ ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ ಎಂಬಂತಹುದು. ಮೊದಲೇ ನೆಲಕ್ಕೆ ಹತ್ತಿರವಾಗಿರುವ ಕಾರು, ಒಂದು ಚಕ್ರ ಗಾಳಿ ಬಿಟ್ಟ ಮೇಲೆ ಇನ್ನಷ್ಟು ಕುಸಿದು, ಜಾಕು ಇದ್ದರೂ ಅದು ಅಡಿಗೆ ತೂರುವುದಿಲ್ಲ. ಎರಡು ಬೆರಳು ದಪ್ಪದ ಹಲಗೆಯ ತುಂಡೊಂದನ್ನು ಡಿಕ್ಕಿಯಲ್ಲಿಟ್ಟುಕೊಂಡಿದ್ದು, ಚಕ್ರವನ್ನು ಮೆಲ್ಲಗೆ ಅದರ ಮೇಲೆ ಹತ್ತಿಸಿದರೆ ಜಾಕಿಗೆ ದಾರಿಯಾಗುತ್ತದೆ. ಕಳ್ಳರ ಭಯಕ್ಕೆ ಹಾಕಿದ ವಿಶೇಷ ನಟ್ಟಿನ ಕೀಲಿಯನ್ನು ಮನೆಯಲ್ಲಿ ಭದ್ರವಾಗಿ ಇಟ್ಟು ಬರುವವರೂ ಇದ್ದಾರೆ. ಐದು ನಟ್ಟಿನ ಬದಲು ನಡುವೆ ಒಂದೇ ದೊಡ್ಡ ನಟ್ಟಿರುವ ಕಾರಾದರೆ ಯೋಚಿಸುವುದೇ ಬೇಡ. 911 ಜಿಟಿ3ಯಲ್ಲಿ ಅದನ್ನು 600 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಅಂದರೆ ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಅರವತ್ತು ಕಿಲೋ ತೂಕದ ಮನುಷ್ಯ ನಿಂತಷ್ಟು ಬಲ. ಅಂತಹ ಸ್ಪ್ಯಾನರನ್ನು ಮಲಗಿಸುವ ಜಾಗ ಆ ಕಾರಿನಲ್ಲಿ ನನಗಂತೂ ಕಾಣುವುದಿಲ್ಲ. ಅಲ್ಲಿಂದ ಮುಂದಿನದು ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಲಾರಿಯ ಕೆಲಸ. ಅದಕ್ಕೂ ಬಂಪರಿನ ತೂತಿಗೆ ಎಳೆಯುವ ಕೊಂಡಿಯನ್ನು ತಿರುಗಿಸಿ ಕೂರಿಸಬೇಕು. ಪೋರ್ಷೆಯಂತಹ ಕೆಲವು ಕಾರುಗಳಲ್ಲಿ ಅದರ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂಬುದನ್ನು ಮಳೆ ಸುರಿಯುವ ಮೊದಲೇ ತಿಳಿದಿರುವುದು ಕ್ಷೇಮ.

ಟಾರ್ಚು, ಕೈಗವಸು, ಎಚ್ಚರಿಕೆಯ ತ್ರಿಕೋನ ಎಲ್ಲವನ್ನೂ ತುರುಕಿದ ಮೇಲೆ ಗೆಳೆಯ ತನ್ನ ಹಿಂದಿನ ಎರಡಾಸನದ ಕಾರಿನ ವಿಷಯ ಹೇಳಿದ. ಅದರಲ್ಲಿ ಸಣಕಲು ಸ್ಟೆಪ್ನಿಯೊಂದಿತ್ತಂತೆ. ಒಮ್ಮೆ ಹಿಂದಿನ ಚಕ್ರ ಪಂಕ್ಚರಾಗಿ ಸಣಕಲನ್ನು ಹಾಕಿದ್ದಾಯಿತು. ಬಿಚ್ಚಿದ ದೊಡ್ಡ ಚಕ್ರ ಸಣಕಲಿನ ಜಾಗದಲ್ಲಿ ಹಿಡಿಸಲಿಲ್ಲ, ಡಿಕ್ಕಿಯಲ್ಲೂ ಹಿಡಿಸಲಿಲ್ಲ. ಕೊನೆಗೆ ಅದನ್ನು ಪಕ್ಕದ ಆಸನದಲ್ಲಿ ಕೂರಿಸಿ, ಸೀಟ್ ಬೆಲ್ಟ್ ಬಿಗಿದು, ಜೊತೆಯಲ್ಲಿದ್ದ ಭಾವಮೈದುನನನ್ನು ರಸ್ತೆಯ ಬದಿಯಲ್ಲಿ ಇಳಿಸಿ ಬಂದನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ಟೆಪ್ನಿಯೇ ಇಲ್ಲದ ಈಗಿನ ಕಾರಿನಲ್ಲಾದರೋ, ಚಕ್ರ ಬಿಚ್ಚಿಕೊಂಡು ಅವನು ಯಾರದೋ ವಾಹನದಲ್ಲಿ ಹೋದರೆ ಮೂರು ಚಕ್ರದ ಕಾರನ್ನು ಕಾಯಲು ಒಬ್ಬರು ಬೇಕು. ನಾನು ಡಿಕ್ಕಿಯನ್ನು ಮತ್ತೊಮ್ಮೆ ತೆರೆಸಿ, ಚೀಲದಲ್ಲಿದ್ದ ಒಂದು ಜೊತೆ ಬಟ್ಟೆಯನ್ನು ಹೊರಗೆ ತೆಗೆದು, ಕೊಡೆಯನ್ನೂ ನೀರಿನ ಬಾಟಲಿಯನ್ನೂ ಇರುವುದರಲ್ಲಿ ದಪ್ಪನೆಯ ಕಾದಂಬರಿಯನ್ನೂ ತುಂಬಿಕೊಂಡೆ.