ಎರಡು ಪಿನ್ನಿನ ಹತ್ತು ಸಾವಿರ ವ್ಯಾಟ್

ವಿದ್ಯುತ್ತಿನ ವಿಷಯದಲ್ಲಿ ಉತ್ತರ ಕನ್ನಡ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾಳಿಯನ್ನು ಸೂಪಾದಲ್ಲಿ ಕಟ್ಟಿ, ಕೊಡಸಳ್ಳಿಯಲ್ಲಿ ಕಟ್ಟಿ, ಕದ್ರಾದಲ್ಲಿ ಕಟ್ಟಿ, ಸಮುದ್ರ ಸೇರುವ ಮೊದಲು ಹಿಂಡಬಹುದಾದಷ್ಟನ್ನು ಹಿಂಡಿಕೊಂಡಿದ್ದೇವೆ. ಅದೂ ಸಾಲದೆಂದು ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳು ಕೂತಿವೆ, ಒಟ್ಟು 880 ಮೆಗಾವ್ಯಾಟ್. ಇಷ್ಟಾದರೂ ಜಿಲ್ಲೆಯ ಮೇಲೆ ಕವಿದಿರುವ ಒಂದು ಅಪಾಯ ಯಾರ ಗಮನಕ್ಕೂ ಬಂದಂತಿಲ್ಲ. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮಾಡಿನವರೆಗೆ ಪೇರಿಸಿಟ್ಟಿರುವ ಹೋಂ ಥಿಯೇಟರ್ ಡಬ್ಬಗಳ ಮೇಲೆ, ಬೆಂಕಿಯ ಚಿತ್ರದ ನಡುವೆ, 10,000 ವ್ಯಾಟ್ ಎಂದು ಬರೆದಿದೆ. 88,000 ಮನೆಗಳವರು ಒಂದೊಂದು ಡಬ್ಬ ಕೊಂಡು ಒಂದೇ ಸಂಜೆ ಗುಂಡಿ ಒತ್ತಿದರೆ ಕೈಗಾದ ನಾಲ್ಕೂ ಘಟಕಗಳು ಅದಕ್ಕೇ ಮುಗಿದವು. ಘಟ್ಟ ಹತ್ತಿ ಹೋಗುವ ತಂತಿಗಳ ಮೇಲೆ ಕಾಗೆ ಕೂರಬಹುದು, ಅಷ್ಟೆ.

ಗೃಹಜ್ಯೋತಿಯ ಫಲಾನುಭವಿಗಳಂತೂ ಇನ್ನೂ ಎಚ್ಚರದಿಂದಿರಬೇಕು. ಹತ್ತು ಕಿಲೋವ್ಯಾಟಿನ ಯಂತ್ರ ಒಂದು ಗಂಟೆಗೆ ಹತ್ತು ಯೂನಿಟ್ ನುಂಗುತ್ತದೆ. ಸರ್ಕಾರ ಕೊಡುವುದು ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್. ಮೂರು ಗಂಟೆಯ ಏಳನೆಯ ಸಿನಿಮಾದ ಕೊನೆಯ ಹೊಡೆದಾಟಕ್ಕೆ ಮುಂಚೆಯೇ ಯೋಜನೆ ಸಮಾಪ್ತಿ.

ಆದರೆ ಡಬ್ಬ ಒಡೆದು ನೋಡಿದವರಿಗೆ ಭಯ ಹೋಗುತ್ತದೆ. ಒಳಗಿನಿಂದ ಬರುವುದು ಜನಿವಾರಕ್ಕಿಂತ ತುಸು ದಪ್ಪದ ತಂತಿ, ಅದರ ತುದಿಯಲ್ಲಿ ಎರಡು ಪಿನ್ನಿನ ಪ್ಲಗ್. ನಮ್ಮ 230 ವೋಲ್ಟಿನಲ್ಲಿ 10,000 ವ್ಯಾಟ್ ಎಳೆಯಲು 43 ಆಂಪಿಯರ್‌ಗೂ ಹೆಚ್ಚು ಬೇಕು. ಗೀಸರಿಗೆಂದು ಹಾಕಿಸುವ ದೊಡ್ಡ ಸಾಕೆಟ್ಟಿನ ತಾಕತ್ತೇ 16 ಆಂಪಿಯರ್. ಇದು ಮೊಬೈಲ್ ಚಾರ್ಜರಿನ ಪಕ್ಕದಲ್ಲಿ, ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ, ಯಾವ ಸಂಕೋಚವೂ ಇಲ್ಲದೆ ಕೂರುತ್ತದೆ. ಪೆಟ್ಟಿಗೆಯನ್ನು ಮಗುಚಿ ಹಿಂಬದಿ ನೋಡಿದರೆ ಉಗುರಗಲದ ಚೀಟಿಯಲ್ಲಿ, ದೂರದೃಷ್ಟಿಯ ಕನ್ನಡಕದವರಿಗೆ ಕಾಣದಂತೆ, 60 ವ್ಯಾಟ್ ಎಂದಿರುತ್ತದೆ. ಉಳಿದ 9,940 ವ್ಯಾಟ್ ಗಿರಾಕಿಯ ಭಕ್ತಿಯಿಂದ ಹುಟ್ಟುವಂಥದ್ದು.

ಈ ಪವಾಡಕ್ಕೆ ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಎಂದು ಹೆಸರು. ಹೇಗೆ ಅಳೆಯಬೇಕೆಂದು ಎಲ್ಲರೂ ಒಪ್ಪಿದ ಕ್ರಮವೇ ಇದಕ್ಕಿಲ್ಲ. ಕ್ಷಣದ ಒಂದು ಚೂರಿನಲ್ಲಿ, ಯಂತ್ರ ಸಾಯುವ ಮುಂಚೆ, ಎಲ್ಲವೂ ಕೂಡಿಬಂದರೆ ಏನಾಗಬಹುದಿತ್ತೋ ಅದನ್ನು ಊಹಿಸಿ, ಸ್ಪೀಕರುಗಳ ಸಂಖ್ಯೆಯಿಂದ ಗುಣಿಸಿ, ಪಕ್ಕದ ಕಂಪನಿ ಏನು ಬರೆದಿದೆ ಎಂದು ಇಣುಕಿ ನೋಡಿ, ಅದಕ್ಕಿಂತ ಒಂದು ಸೊನ್ನೆ ಹೆಚ್ಚು ಮುದ್ರಿಸಿದರಾಯಿತು. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಇದೇ ಹಾವಳಿಯಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದು, ವ್ಯಾಟ್ ಹೇಳುವ ಮುನ್ನ ಆಂಪ್ಲಿಫೈಯರನ್ನು ಮೂರನೇ ಒಂದು ಪಾಲು ಶಕ್ತಿಯಲ್ಲಿ ಒಂದು ತಾಸು ಓಡಿಸಿ, ಕಾದ ಮೇಲೆ ಅಳೆಯಿರಿ ಎಂದು ಕಂಪನಿಗಳ ಬೆವರಿಳಿಸಿತು. ನಮ್ಮಲ್ಲಿ ಮೀನು ಮಾರುವವರ ತಕ್ಕಡಿಗೂ ಮುದ್ರೆ ಒತ್ತಿಸಬೇಕು. ವ್ಯಾಟಿನ ಚೀಟಿಗೆ ಮುದ್ರೆ ಒತ್ತುವವರನ್ನು ನಾನಂತೂ ಕಂಡಿಲ್ಲ.

ಇದರಲ್ಲಿ ನನಗೆ ಅರ್ಥವಾಗದಿರುವುದು ಅಂಗಡಿಯವನ ಸುಳ್ಳಲ್ಲ, ಗಿರಾಕಿಯ ಸಾತ್ವಿಕತೆ. ಶಿರಸಿ ಸೀಮೆಯ ತೋಟಿಗ ಸಾಮಾನ್ಯನೆಂದು ಯಾರೂ ತಿಳಿಯಬಾರದು. ಅಡಿಕೆ ಟೆಂಡರಿಗೆ ಬಿದ್ದ ದಿನ ಚೀಲದ ಬಾಯಿ ಬಿಚ್ಚಿ, ಚಾಲಿಯನ್ನು ಬೊಗಸೆಯಲ್ಲಿ ಹಿಡಿದು ಅಲ್ಲಾಡಿಸಿ, ಸದ್ದಿನಲ್ಲೇ ಒಣಗಿದ್ದೆಷ್ಟು ಹಸಿ ಎಷ್ಟು ಎಂದು ಹೇಳುವವನು ಅವನು. ತೂಕದಲ್ಲಿ ಕಾಲು ಕಿಲೋ ಹೆಚ್ಚುಕಡಿಮೆಯಾದರೆ ಸಂಘದ ಆಡಳಿತ ಮಂಡಳಿಯವರೆಗೆ ಮಾತು ಹೋಗುತ್ತದೆ. ಅಂಥವನು ದರ ಏರಿದ ವರ್ಷ ಹೋಂ ಥಿಯೇಟರ್ ಕೊಳ್ಳಲು ಹೊರಟಾಗ ಆ ಬುದ್ಧಿಯನ್ನೆಲ್ಲ ಮಾರುಕಟ್ಟೆ ಅಂಗಳದಲ್ಲೇ ಬಿಟ್ಟುಬರುತ್ತಾನೆ. ಸದ್ದು ಕೇಳಿ ಕೊಳ್ಳಬೇಕಾದ ವಸ್ತುವನ್ನು ಅಂಕಿ ಓದಿ ಕೊಳ್ಳುತ್ತಾನೆ.

ನಮ್ಮ ಭಾವನ ಜೊತೆ ಅಂಗಡಿಗೆ ಹೋಗಿದ್ದೆ. (ಹೆಂಡತಿಯ ಕಡೆಯವನೇನೂ ಅಲ್ಲ. ಈ ಸೀಮೆಯಲ್ಲಿ ಸಂಬಂಧ ಹೇಳಲು ಬಾರದವರೆಲ್ಲ ಭಾವಂದಿರೇ.) ಮಗ ಬೆಂಗಳೂರಿನಿಂದ ಒಂದು ಜೊತೆ ಒಳ್ಳೆಯ ಸ್ಪೀಕರ್ ತಂದುಕೊಟ್ಟಿದ್ದ. ಅದಕ್ಕೆ ಹೊಂದುವ ರಿಸೀವರ್, ಎಂದರೆ ಸ್ಪೀಕರುಗಳಿಗೆ ಶಕ್ತಿ ಕೊಟ್ಟು ನುಡಿಸುವ ಪೆಟ್ಟಿಗೆ, ಬೇಕಾಗಿತ್ತು. ಭಾವ ಪಿಎಂಪಿಒಗೆ ಬೀಳುವವನಲ್ಲ, ಓದಿಕೊಂಡವನು.

“ತಮ್ಮಾ, ಸ್ಪೀಕರಿನ ಹಿಂದೆ 150 ವ್ಯಾಟ್ ಎಂದಿದೆ. ರಿಸೀವರ್ ಎಷ್ಟರದ್ದು ಬೇಕು?”

“150ರದ್ದೇ ಬೇಕು ಯಜಮಾನರೇ. ಕಮ್ಮಿಯಾದರೆ ಎಳೆಯುವುದಿಲ್ಲ, ಹೆಚ್ಚಾದರೆ ಸುಟ್ಟುಹೋಗುತ್ತದೆ.”

“ಓಮ್ ಎಷ್ಟಿರಬೇಕು?” (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ ಅದು.)

ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. “ಅದೆಲ್ಲ ಒಳಗೇ ಇರುತ್ತದೆ ಯಜಮಾನರೇ, ಬೇರೆ ಕೊಳ್ಳಬೇಕಾಗಿಲ್ಲ.”

2024ರ ಆಗಸ್ಟಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದ ಮೇಲೆ ಈ ಜಿಲ್ಲೆಯಲ್ಲಿ ಸೇತುವೆಯ ಉಪಮೆ ಕೊಡುವುದು ಅಷ್ಟು ಕ್ಷೇಮವಲ್ಲ, ಆದರೂ ಹೇಳುತ್ತೇನೆ: ಸೇತುವೆಯ ಮೇಲೆ ‘10 ಟನ್’ ಎಂದು ಬರೆದಿದ್ದರೆ ದಾಟುವವನು ಹತ್ತು ಟನ್ ಹೊತ್ತೇ ಬರಬೇಕೆಂದಿಲ್ಲ. ಸ್ಪೀಕರಿನ ಮೇಲಿನ ವ್ಯಾಟು ಅದು ತಡೆದುಕೊಳ್ಳುವ ಮಿತಿ. ಅದರ ಹಸಿವನ್ನು ಹೇಳುವ ಅಂಕಿ ಬೇರೆ ಇದೆ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಮಾಡುತ್ತದೆ ಎಂಬುದು. 84 ಡೆಸಿಬಲಿನ ಸ್ಪೀಕರ್ 100 ವ್ಯಾಟ್ ತಿಂದು ಮಾಡುವ ಸದ್ದನ್ನು 90 ಡೆಸಿಬಲಿನದು 25 ವ್ಯಾಟಿನಲ್ಲಿ ಮಾಡುತ್ತದೆ. ವ್ಯಾಟನ್ನು ದುಪ್ಪಟ್ಟು ಮಾಡಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ‘ಎರಡರಷ್ಟಾಯಿತು’ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 100 ವ್ಯಾಟಿನದನ್ನು ಬಿಟ್ಟು 120 ವ್ಯಾಟಿನದಕ್ಕೆ ಎಂಟು ಸಾವಿರ ರೂಪಾಯಿ ಹೆಚ್ಚು ಕೊಟ್ಟವನು ಕೊಂಡದ್ದು ಒಂದು ಡೆಸಿಬಲಿಗೂ ಕಡಿಮೆ. ಅದನ್ನು ಕೇಳಿಸಿಕೊಳ್ಳಬೇಕಾದರೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರಬೇಕು.

ಇನ್ನು ಸುಡುವ ಮಾತು. ಸ್ಪೀಕರುಗಳನ್ನು ಸುಟ್ಟ ಅಪರಾಧ ಹೆಚ್ಚಾಗಿ ದೊಡ್ಡ ರಿಸೀವರಿನದಲ್ಲ. ಸಣ್ಣದನ್ನು ಕೊಂಡು, ಮದುವೆಮನೆಯ ಉತ್ಸಾಹದಲ್ಲಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ, ಅದರ ಕೈಲಾಗದೆ ಧ್ವನಿಯ ಅಲೆಯ ತಲೆ ಚಪ್ಪಟೆಯಾಗಿ, ಕೀರಲು ಸ್ವರ ನುಡಿಸುವ ಪುಟ್ಟ ಸ್ಪೀಕರು, ಪಾಪದ ಟ್ವೀಟರ್, ಪ್ರಾಣ ಬಿಡುತ್ತದೆ. ಹುಡುಗನಿಗೆ ಇದನ್ನು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವನು 150 ವ್ಯಾಟಿನ, ಏಳು ಸ್ಪೀಕರುಗಳಿಗೆ ಏಳು ಚಾನಲ್ ಇರುವ ಡಬ್ಬ ಇಳಿಸಿಯಾಗಿತ್ತು.

ಆ 150ರ ಪಕ್ಕದಲ್ಲಿ ಇರುವೆಯಂಥ ಅಕ್ಷರಗಳಿದ್ದವು. 6 ಓಮ್, 1 ಕಿಲೋಹರ್ಟ್ಜ್, ಶೇ 10ರಷ್ಟು ವಿಕೃತಿ, ಒಂದು ಚಾನಲ್. ಎಂದರೆ ಉಳಿದ ಆರು ಸ್ಪೀಕರುಗಳನ್ನು ಬಾಯಿ ಮುಚ್ಚಿಸಿ, ಇದ್ದೊಂದಕ್ಕೆ ಒಂದೇ ಸ್ವರ ಕೊಟ್ಟು, ಅದೂ ಹತ್ತನೇ ಒಂದು ಪಾಲು ಕೆಟ್ಟು ಹೋಗುವವರೆಗೆ ಎಳೆದಾಗ 150. ಅದೇ ಯಂತ್ರದ ಮರ್ಯಾದೆಯ ಅಂಕಿ ಇನ್ನೂ ಕೆಳಗಿತ್ತು: ಎರಡು ಚಾನಲ್, 8 ಓಮ್, 20ರಿಂದ 20,000 ಹರ್ಟ್ಜ್‌ವರೆಗೆ, 80 ವ್ಯಾಟ್. ಏಳನ್ನೂ ಒಟ್ಟಿಗೆ ದುಡಿಸಿದರೆ ಎಷ್ಟು ಎಂಬ ಪ್ರಶ್ನೆಗೆ ಕಂಪನಿ ಮೌನವ್ರತ ಹಿಡಿದಿತ್ತು. 80 ನಿಜವಾಗಿದ್ದರೆ ಧಾರಾಳ ಸಾಕು. ಸಾಮಾನ್ಯ ಮಾತುಕತೆಯ ದೃಶ್ಯ ಒಂದೆರಡು ವ್ಯಾಟಿನಲ್ಲಿ ಮುಗಿಯುತ್ತದೆ, ಗುಂಡು ಹಾರಿದಾಗಲಷ್ಟೇ ನೂರರ ಹತ್ತಿರದ ಕೆಲಸ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಒಳ್ಳೆಯ ಸ್ಪೀಕರೊಂದು ಒಂದೇ ವ್ಯಾಟಿನಲ್ಲಿ, ಅಂಗಳ ದಾಟುವ ಮೊದಲೇ, ಈ ಕಾನೂನನ್ನು ಮುರಿಯಬಲ್ಲದು. 149 ವ್ಯಾಟ್ ಕೈಯಲ್ಲುಳಿಯುತ್ತದೆ. ಆದರೆ ಭಾವ 150ನ್ನು ಏಳರಿಂದ ಗುಣಿಸಿ, “ಒಂದು ಸಾವಿರದ ಐವತ್ತು” ಎಂದು ಮನಸ್ಸಿನಲ್ಲೇ ಬರೆದುಕೊಂಡಾಗಿತ್ತು.

ಡಬ್ಬದ ಮೇಲೆ ನಂಬಬಹುದಾದ ಅಂಕಿ ಒಂದೇ ಒಂದಿತ್ತು, ತೂಕ. ಹಳೆಯ ಮಾದರಿಯ ರಿಸೀವರಿಗೆ ಶಕ್ತಿ ಬರುವುದು ಒಳಗಿನ ಟ್ರಾನ್ಸ್‌ಫಾರ್ಮರಿನಿಂದ, ತಾಮ್ರ ಕಬ್ಬಿಣಗಳಿಗೆ ಸುಳ್ಳು ಹೇಳಲು ಬಾರದು. (ಕ್ಲಾಸ್ ಡಿ ಜಾತಿಯವು ಹಗುರವಾಗಿಯೂ ಗಟ್ಟಿಗವಾಗಿರುತ್ತವೆ, ಅವುಗಳ ಮಾತು ಬೇರೆ.) ಐವತ್ತು ವರ್ಷ ಅಡಿಕೆ ಮೂಟೆ ಎತ್ತಿದ ಕೈ ಡಬ್ಬವನ್ನೊಮ್ಮೆ ಎತ್ತಿ ನೋಡಿದ್ದರೆ ಸಾಕಾಗಿತ್ತು. ಭಾವ ಎತ್ತಲಿಲ್ಲ. ಹುಡುಗನೇ ಕಾರಿನವರೆಗೆ ಹೊತ್ತು ತಂದ, ಒಂದೇ ಕೈಯಲ್ಲಿ.

ಮನೆಗೆ ಬಂದಮೇಲೆ ಓಮಿನ ಕಥೆ. ಸಾವಿರದ ಐವತ್ತು ವ್ಯಾಟನ್ನು ಒಂದೇ ಕೋಣೆಯಲ್ಲಿ ಕೊಳೆಯಿಸುವುದು ಸರಿಯೇ? ಎಡಬದಿಯ ಒಂದೇ ಜೋಡಿ ತುದಿಗಳಿಂದ ತಂತಿ ಎಳೆದು ಜಗುಲಿಗೊಂದು, ಅಡುಗೆಮನೆಗೊಂದು, ದನಗಳಿಗೆ ಸಂಗೀತ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಕೊಟ್ಟಿಗೆಗೊಂದು ಹಳೆಯ ಸ್ಪೀಕರ್ ಸೇರಿಸಲಾಯಿತು. 8 ಓಮಿನವು ಎರಡು ಸಮಾಂತರವಾದರೆ 4 ಓಮ್, ನಾಲ್ಕಾದರೆ 2. ಓಮ್ ಇಳಿದಷ್ಟೂ ರಿಸೀವರಿನಿಂದ ಕರೆಂಟು ಸುರಿಯುತ್ತದೆ. 1827ರಲ್ಲೇ ಗೇಯಾರ್ಗ್ ಓಮ್ ಈ ಲೆಕ್ಕವನ್ನು ಬರೆದಿಟ್ಟಿದ್ದಾನೆ, ಆದರೆ ಅವನು ಭಾವನ ಕೊಟ್ಟಿಗೆಯನ್ನು ನೋಡಿರಲಿಲ್ಲ. ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಯಲ್ಲಿ ವಿಶ್ವದಾಖಲೆ ಬರೆಯಿತು. ಭಾವನ ರಿಸೀವರ್ ಯಕ್ಷಗಾನದ ಗಣಪತಿ ಸ್ತುತಿ ಮುಗಿಯುವ ಮುಂಚೆ ‘ಪ್ರೊಟೆಕ್ಟ್’ ಎಂದು ಕೆಂಪಗೆ ಬರೆದುಕೊಂಡು ಮಲಗಿತು.

“ಹಿಂದೆ ಒಂದು ಗುಂಡಿಯಿದೆ ಭಾವ, 4 ಓಮ್ ಎಂದು. ಅದನ್ನು ಒತ್ತಿದರೆ ಶಕ್ತಿ ಹೆಚ್ಚುತ್ತದಂತೆ” ಎಂದು ಭಾವ ನನಗೆ ಹೇಳಿದ.

ಹೆಚ್ಚುವುದಿಲ್ಲ. ಯಂತ್ರ ಬಿಸಿಯಾಗಿ ಸಾಯದಿರಲೆಂದು ಕಂಪನಿ ಅದರ ಕೈಕಾಲು ಕಟ್ಟುವ ಗುಂಡಿ ಅದು. ನಾನು ಹೇಳುವಷ್ಟರಲ್ಲಿ ಒತ್ತಿದ್ದ. ಕೊಟ್ಟಿಗೆಯ ತಂತಿ ಕಿತ್ತಮೇಲೆ ಯಂತ್ರ ಎದ್ದಿತು, ಕೀರ್ತಿ ಮಾತ್ರ ಗುಂಡಿಗೆ ಹೋಯಿತು. ಈಗ ಊರಿನಲ್ಲಿ ರಿಸೀವರ್ ಇದ್ದವರೆಲ್ಲ ಆ ಗುಂಡಿಯನ್ನು ಹುಡುಕುತ್ತಿದ್ದಾರೆ.

ಯಕ್ಷಗಾನ ಹಾಕಿದ್ದೂ ಒಂದು ತಮಾಷೆಯೇ. ಚಂಡೆಗೆ ವ್ಯಾಟೂ ಇಲ್ಲ ಓಮೂ ಇಲ್ಲ. ಮೈಕು ಬರುವ ಮುಂಚೆ ಅದರ ಸದ್ದು ಗದ್ದೆ ದಾಟಿ ಪಕ್ಕದೂರಿಗೆ ಆಟದ ಸುದ್ದಿ ಮುಟ್ಟಿಸುತ್ತಿತ್ತು. ಈಗ ಚಂಡೆಯ ಮುಂದೆಯೂ ಮೈಕು ನಿಲ್ಲಿಸುತ್ತಾರೆ. ಪ್ರೇಕ್ಷಕರು ಮೂರನೇ ಸಾಲಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು “ಸೆಟ್ ಒಳ್ಳೆಯದಿದೆ” ಎನ್ನುತ್ತಾರೆ.

ಸದ್ಯಕ್ಕೆ ಭಾವ ಅಟ್ಮಾಸಿಗೆ ಏರಿದ್ದಾನೆ. ತಲೆಯ ಮೇಲಿಂದಲೂ ಸದ್ದು ಬರುವ ವ್ಯವಸ್ಥೆ. ಮಾಡಿಗೆ ಸ್ಪೀಕರ್ ತೂಗುಹಾಕುವ ಬದಲು ಕೆಳಗಿಟ್ಟ ಪೆಟ್ಟಿಗೆಯಿಂದ ಸದ್ದನ್ನು ಮೇಲಕ್ಕೆ ಚಿಮ್ಮಿಸಿ, ಅದು ಚಾವಣಿಗೆ ಬಡಿದು ಕಿವಿಗೆ ಇಳಿಯುವಂತೆ ಮಾಡುವ ಬಗೆಯೊಂದಿದೆ. ಅದಕ್ಕೆ ಚಾವಣಿ ಗಟ್ಟಿಯಾಗಿ, ಸಪಾಟಾಗಿ ಇರಬೇಕು. ಭಾವನದು ಮಂಗಳೂರು ಹಂಚಿನ ಇಳಿಜಾರು ಮಾಡು. ಮೇಲಕ್ಕೆ ಹೋದ ಹೆಲಿಕಾಪ್ಟರು ಪಕಾಸಿಗೆ ತಾಗಿ, ರೀಪಿಗೆ ತಾಗಿ, ಹಂಚಿನ ಸಂದಿಯಿಂದ ಅಡಿಕೆ ತೋಟಕ್ಕೆ ಹಾರಿಹೋಗುತ್ತದೆ. ಕೂತವರಿಗೆ ಏನೂ ಕೇಳುವುದಿಲ್ಲ. ಮಳೆಗಾಲದಲ್ಲಿ ಮಾತ್ರ ತಲೆಯ ಮೇಲಿನ ಚಾನಲುಗಳು ಅದ್ಭುತವಾಗಿ ಕೆಲಸ ಮಾಡುತ್ತವೆ, ಜೂನಿನಿಂದ ಸೆಪ್ಟೆಂಬರಿನವರೆಗೆ, ರಿಸೀವರ್ ಆಫ್ ಮಾಡಿದರೂ.

ಹಂಚಿನ ಕೆಳಗೆ ಹಲಗೆಯ ಸಪಾಟು ಚಾವಣಿ ಹೊಡೆಸುವುದೆಂದು ತೀರ್ಮಾನವಾಯಿತು. ಬಡಗಿ ಬಂದು, ಟೇಪು ಹಿಡಿದು ಉದ್ದಗಲ ಅಳೆದು, ತೊಲೆಯನ್ನು ಒಮ್ಮೆ ಕುಟ್ಟಿ ನೋಡಿ, ಹೇಳಿದ ಮೊತ್ತ ರಿಸೀವರಿನ ಬೆಲೆಯ ಎರಡರಷ್ಟಿತ್ತು. ಭಾವ ಚೌಕಾಸಿಗೆ ಬಾಯಿ ತೆರೆಯುವ ಮುಂಚೆ ಅವನೇ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ:

“ಹಲಗೆಯ ದಪ್ಪ ಇನ್ನೂ ಲೆಕ್ಕ ಹಾಕಿಲ್ಲ ಯಜಮಾನರೇ. ಕೆಳಗಿನ ಸೆಟ್ಟು ಎಷ್ಟು ವ್ಯಾಟಿನದ್ದು?”

“ಒಂದು ಸಾವಿರದ ಐವತ್ತು” ಎಂದ ಭಾವ, ಎದೆಯುಬ್ಬಿಸಿ.

“ಹಾಗಾದರೆ ಒಂದಿಂಚಿನದೇ ಬೇಕು” ಎಂದು ಬಡಗಿ ಮೊತ್ತವನ್ನು ತಿದ್ದಿದ.