ಕೊಡಗಿನ ಜಮ್ಮಾದವರಿಗೆ ಲೈಸೆನ್ಸ್ ಇಲ್ಲದ ಕೋವಿ ಇನ್ನೂ ಬೇಕಾ?

ಪರ: ಅದು ಬಹುಮಾನ ಅಲ್ಲ, ದುಡಿಮೆಯ ಕೂಲಿ

ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಕೋವಿ ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ, ದೀಪದ ಮುಂದೆ ಇಡುತ್ತೇವೆ. ಬೆಂಕಿ ಬಣ್ಣದ ಕಾಡುಹೂವು ಅದು. ಆಮೇಲೆ ಕಡಂಬುಟ್ಟು, ಪಂದಿಕರಿ, ತೆಂಗಿನಕಾಯಿಗೆ ಗುರಿ. ಇದನ್ನು ನೋಡಿದಾಗಲೆಲ್ಲ ಗೇಟಿನಾಚೆಯ ಮೇಷ್ಟ್ರು ನಗುತ್ತಾರೆ: "ನಿಮಗೇನು ಬಿಡಿ, ಹುಟ್ಟಿದಾಗಲೇ ಲೈಸೆನ್ಸ್."

ಸುಮ್ನೆ ಸಿಕ್ಕಿದ್ದಲ್ಲ ಮೇಷ್ಟ್ರೇ. ಕೊಡಗನ್ನಾಳಿದ ಹಾಲೇರಿ ರಾಜರ ಕಾಲದಲ್ಲಿ ಜಮ್ಮಾ ಗದ್ದೆ, ಅಂದರೆ ದಂಡಿನ ಸೇವೆಗೆ ಪ್ರತಿಯಾಗಿ ವಂಶಕ್ಕೆ ಬಂದ ಗದ್ದೆ, ಉಳುವವನು ಕರೆ ಬಂದ ದಿನ ನೇಗಿಲು ಬಿಟ್ಟು ಕೋವಿ ಹಿಡಿದು ಹೊರಡಬೇಕಿತ್ತು. ಅದಕ್ಕೇ ಕಂದಾಯ ಕಡಿಮೆ. ಬ್ರಿಟಿಷರ ಲೆಕ್ಕದಲ್ಲೂ ಪೂರ್ತಿ ಕಂದಾಯದ ಸಾಗು ಗದ್ದೆಗೆ ನೂರು ಭಟ್ಟಿಗೆ (ಭಟ್ಟಿ ಅಂದರೆ ಗದ್ದೆಯ ಅಳತೆ) 10 ರೂಪಾಯಿ, ಜಮ್ಮಾಕ್ಕೆ 5. ಆ ಉಳಿದ 5 ರೂಪಾಯಿಯನ್ನು ನಮ್ಮ ಹಿರಿಯರು ಮೈಯಿಂದ ಕಟ್ಟಿದರು.

1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೋವಿಗೆ ಕೊಟ್ಟ ವಿನಾಯಿತಿಯನ್ನು 1963ರಲ್ಲಿ ನಮ್ಮದೇ ಸರ್ಕಾರ ಉಳಿಸಿಕೊಂಡಿತು. ಕೊಡವರಿಗೆ ಮಾತ್ರ ಅಲ್ಲ, ಜಮ್ಮಾ ಹಿಡುವಳಿ ಇರುವ ಬೇರೆ ಜನಾಂಗದವರಿಗೂ ಅದು ಇದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು.

ನಮ್ಮಜ್ಜ ತೀರಿಕೊಂಡದ್ದು ಆಟಿಯ ಮಳೆಯಲ್ಲಿ. ಮೂರು ದಿನದಿಂದ ಕರೆಂಟ್ ಇರಲಿಲ್ಲ, ಫೋನೂ ಸತ್ತಿತ್ತು. ಚಿಕ್ಕಪ್ಪ ಅಂಗಳಕ್ಕಿಳಿದು, ಸಾವಿನ ಸುದ್ದಿ ತಿಳಿಸಲು ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸಿದರು. ಅರ್ಧ ಗಂಟೆಯೊಳಗೆ ಗುಡ್ಡದಾಚೆಯ ಮನೆಯವರೆಲ್ಲ ಕೊಡೆ ಹಿಡಿದು ಬಂದರು. ಮೊದಲು ಬಂದವರು ಯಾರು ಅಂತ ಮೇಷ್ಟ್ರಿಗೇ ಗೊತ್ತು.

ವಿರೋಧ: ಹಂದಿಗೆ ಜಮ್ಮಾ ಯಾವುದು, ಸಾಗು ಯಾವುದು?

ಮೊದಲು ಬಂದವನು ನಾನೇ. ಆ ಎರಡು ಗುಂಡಿನ ಬಗ್ಗೆ ನನ್ನ ತಕರಾರಿಲ್ಲ. ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಹಾರಿಸುವ ಗುಂಡಿನ ಬಗ್ಗೆಯೂ ಇಲ್ಲ.

ಆದರೆ ಕಬ್ಬನ್ ಸಾಹೇಬರು ಯಾಕೆ ಕೊಟ್ಟರು ಅನ್ನೋದನ್ನು ನಮ್ಮ ಪಕ್ಕದ ಮನೆಯ ಅಣ್ಣ ಹಾರಿಸಿಬಿಟ್ಟರು. 1857ರ ದಂಗೆಯ ಭಯಕ್ಕೆ ಊರೂರಿನವರ ಆಯುಧ ಕಸಿದುಕೊಂಡ ಕಾಲ ಅದು. ಕೊಡಗಿನವರ ಕೈಯಲ್ಲಿ ಕೋವಿ ಉಳಿದದ್ದು ಬ್ರಿಟಿಷರಿಗೆ ತೋರಿಸಿದ ನಿಷ್ಠೆಗೆ. ಅದಕ್ಕೂ ಮೊದಲೇ, 1837ರ ಬಂಡಾಯದಲ್ಲಿ ಕಂಪನಿ ಕಡೆ ನಿಂತವರಿಗೆ ಪದಕ ಸಿಕ್ಕಿತ್ತು. ಎದುರು ನಿಂತ ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣಾಯಿತು. ಈಗಿನ ವಿನಾಯಿತಿಯ ಅವಧಿ ಮುಗಿಯೋದೂ ಅದೇ ತಾರೀಕಿಗೆ, 2029ರ ಅಕ್ಟೋಬರ್ 31ಕ್ಕೆ. ಕಾಕತಾಳೀಯವೇ ಇರಬೇಕು, ಆದರೂ ಓದಿದಾಗ ಒಂದು ಥರ ಆಯ್ತು.

ಇನ್ನು ಕೋರ್ಟಿನ ಮಾತು. ಅಲ್ಲೂ ಹತ್ತು ವರ್ಷದ ಗಡುವು ಇದೆ, ಶಾಶ್ವತ ಅಲ್ಲ ಅನ್ನೋದನ್ನು ಗಮನಿಸಿಯೇ ಒಪ್ಪಿದ್ದು. ಮೈಸೂರಿನ ಮಹಾರಾಜರ ರಾಜಧನವೇ 1971ರಲ್ಲಿ ಹೋಯಿತು. ಬಿರುದುಗಳು ಸಂವಿಧಾನದ 18ನೇ ವಿಧಿಯಲ್ಲೇ ಹೋದವು. ಜಮ್ಮಾದವನನ್ನು ದಂಡಿಗೆ ಕರೆಯೋ ರಾಜ ಇಲ್ಲ. ಕೆಲಸ ನಿಂತ ಮೇಲೂ ಕೂಲಿ ಯಾಕೆ? ಇವತ್ತು ಸೈನ್ಯಕ್ಕೆ ಹೋಗುವ ಹುಡುಗ ಸಂಬಳಕ್ಕೆ ಹೋಗುತ್ತಾನೆ, ಯಾವ ಜಾತಿಯವನಾದರೂ.

ಆ ಐದು ರೂಪಾಯಿಯ ಲೆಕ್ಕದಲ್ಲಿ ಇನ್ನೊಂದು ಬಿಟ್ಟುಹೋಗಿದೆ. ಯಜಮಾನ ದಂಡಿಗೆ ಹೋದಾಗ ಆ ಗದ್ದೆಯಲ್ಲಿ ನಾಟಿ ಮಾಡಿದವರು ಯಾರು? ಯರವರು, ಹೊಲೆಯರು. ಅವರಿಗೆ ಜಮ್ಮಾನೂ ಇಲ್ಲ, ಸಾಗೂ ಇಲ್ಲ. ಅಂಥವರ ಮೊಮ್ಮಕ್ಕಳು ಎಷ್ಟೋ ಮಂದಿ ಇನ್ನೂ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದಾರೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಅವರ ಬಳಿ ತೋರಿಸೋಕೆ ಆ ಜಾಗದ ಹಕ್ಕುಪತ್ರ ಇರಲಿಲ್ಲ.

ನನ್ನದು ಎರಡೆಕರೆ ಸಾಗು ಗದ್ದೆ, ಅಣ್ಣನ ಜಮ್ಮಾ ಗದ್ದೆಗೆ ಒಂದೇ ಬದು. ರಾತ್ರಿ ಹಂದಿ ಎರಡಕ್ಕೂ ನುಗ್ಗುತ್ತದೆ. ಅಣ್ಣ ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಮಲಗುತ್ತಾರೆ. ಹೆದರಿದ ಹಂದಿ ನೇರ ನನ್ನ ಕಡೆಗೇ ಬರುತ್ತದೆ. ನಾನು ತಗಡು ಬಡಿಯುತ್ತಾ ಕೂತಿರುತ್ತೇನೆ. ವಿನಾಯಿತಿ ಕಿತ್ತುಕೊಳ್ಳಿ ಅನ್ನೋದಕ್ಕಿಂತ, ಇಬ್ಬರಿಗೂ ಒಂದೇ ನಿಯಮ ಮಾಡಿ, ಬೇಗ ಕೊಡಿ ಅನ್ನೋದು ನನ್ನ ವಾದ.

ಬೆಳೆ ರಕ್ಷಣೆ ಕೋವಿಗೆ ಅರ್ಜಿ ಹಾಕಿ ಮೂರನೇ ವರ್ಷ. ಮೊನ್ನೆ ಮತ್ತೆ ಕಚೇರಿಗೆ ಹೋಗಿದ್ದೆ. ಫೈಲ್ ತೆಗೆದು ನೋಡಿ, "ಮೇಷ್ಟ್ರೇ, ಈ ಫೋಟೊ ಹಳೆಯದಾಯ್ತು, ಹೊಸದು ತನ್ನಿ" ಅಂದರು.